ಮೂಗಿನ ಬೆಂಚು

ಫೆಬ್ರವರಿ ೫

…ಅಥವಾ ‘ಹಾರ್ನ್’ ಎಂದರೋ ಏನೋ. ಹೊಸ ಕೆಲಸದ ಮೊದಲ ದಿನ, ಮುಖ್ಯಸ್ಥರು “ನೀವು ಬ್ರೇಕ್ ಅಲ್ಲ ಮೇಷ್ಟ್ರೇ, ನೀವು…” ಎಂದು ಶುರುಮಾಡಿ ಕಾರಿನಲ್ಲೇ ಇರುವ ಇನ್ನೇನೋ ಒಂದರ ಹೆಸರು ಹೇಳಿದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ನಕ್ಕದ್ದು ನೆನಪಿದೆ, ಏನಕ್ಕೆಂಬುದು ಇಲ್ಲ. ಕನ್ನಡಿ ಇರಬಹುದು. ಹಿಂದೆ ಬರುತ್ತಿರುವುದನ್ನು ತೋರಿಸುವ ಕನ್ನಡಿ ಎಂದಿದ್ದರೆ ಅದು ಗೌರವದ ಮಾತೇ. ಬೆಳಿಗ್ಗೆ ಕೇಳಿದ್ದನ್ನು ಸಂಜೆಗೆ ಮರೆಯುವ ಮನುಷ್ಯನನ್ನು ಗಮನಿಸುವ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ.

ಆ ಕೆಲಸ ಏನೆಂದು ಹೆಂಡತಿಗೆ ವಿವರಿಸಲು ಹೋಗಿ ಸೋತೆ.

“ಅಂಟು ತಯಾರಿಸೋ ಕಂಪನಿ. ಅದರಲ್ಲಿ ಸಂಶೋಧನೆ ಮಾಡೋ ವಿಭಾಗ. ಅವರು ಹೊಸದೇನಾದ್ರೂ ಮಾಡೋವಾಗ ನಾನು ಪಕ್ಕದಲ್ಲಿ ಕೂತು ಕೇಳ್ಬೇಕು. ಯಾಕೆ ಮಾಡ್ತಿದ್ದೀರಿ, ಬೇರೆ ದಾರಿ ಇತ್ತಾ, ಇದರಿಂದ ಯಾರಿಗೆ ಏನಾಗುತ್ತೆ ಅಂತ.”

“ಕೇಳಿದ್ಮೇಲೆ?”

“ಅವರು ಉತ್ತರ ಹೇಳ್ತಾರೆ.”

“ಉತ್ತರ ಸರಿ ಇಲ್ದಿದ್ರೆ?”

“ಇನ್ನೊಂದ್ಸಲ ಕೇಳ್ತೀನಿ.”

“ಮದುವೆಯಾದಾಗಿಂದ ನಾನು ಬಿಟ್ಟಿ ಮಾಡ್ತಿರೋ ಕೆಲಸಾನೇ ಇದು,” ಎಂದಳು. “ನಿಮಗೆ ಸಂಬಳ ಬೇರೆ ಕೊಡ್ತಾರಾ?”

ಕೊಡುತ್ತಾರೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದುವವರಿಲ್ಲದೆ ವಿಭಾಗ ಮುಚ್ಚಿದ ಮೇಲೆ ನನ್ನನ್ನು ಯಾರಾದರೂ ಕರೆಯುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಪ್ರಶ್ನೆ ಕೇಳುವುದನ್ನೇ ಕಲಿಸುತ್ತಿದ್ದವನು. ಈಗ ಅಂಟಿನವರಿಗೆ ಪ್ರಶ್ನೆ ಬೇಕಂತೆ.

ಫೆಬ್ರವರಿ ೨೦

ಪ್ರಯೋಗಾಲಯದವರು ನನಗೊಂದು ಅಡ್ಡಹೆಸರು ಇಟ್ಟಿದ್ದಾರೆ: ಯಾಕೆ ಮೇಷ್ಟ್ರು. ನಾನೂ ಅವರಲ್ಲಿ ಒಬ್ಬರಿಗೆ ಇಟ್ಟಿದ್ದೇನೆ, ಈ ದಿನಚರಿಯಲ್ಲಿ ಮಾತ್ರ. ಮುಖ್ಯಸ್ಥರು ‘ಮಂದಹಾಸ’. ಬೇಡ ಎನ್ನುವಾಗಲೂ, ತಪ್ಪು ಹಿಡಿಯುವಾಗಲೂ, ಯಾರೂ ಇಲ್ಲದ ಕಾರಿಡಾರಿನಲ್ಲಿ ನಡೆಯುವಾಗಲೂ ಅದು ಮುಖದ ಮೇಲಿರುತ್ತದೆ. ಮಲಗುವಾಗ ತೆಗೆದಿಡುತ್ತಾರೋ ಏನೋ.

ಕೆಮಿಸ್ಟ್‌ಗೆ ಅಡ್ಡಹೆಸರು ಹೊಂದುವುದಿಲ್ಲ. ನಲವತ್ತರ ಹೆಣ್ಣುಮಗಳು, ಮಾತು ಕಡಿಮೆ, ಕೂದಲನ್ನು ಪೆನ್ಸಿಲ್ ಚುಚ್ಚಿ ಕಟ್ಟಿರುತ್ತಾಳೆ. ಅಂಟಿನ ಡಬ್ಬಿಯನ್ನು ಎಂದೂ ಮೇಜಿನ ಮೇಲೆ ತೆರೆಯುವುದಿಲ್ಲ. ಗೋಡೆಗೆ ಸೇರಿಸಿ ಗಾಜಿನ ಬಾಗಿಲಿನ ಒಂದು ಪೆಟ್ಟಿಗೆ ಇದೆ, ಒಳಗಿನ ಗಾಳಿಯನ್ನು ಎಳೆದು ಮಾಡಿನಾಚೆ ಬಿಡುವಂಥದ್ದು. ಅದರೊಳಗೆ ಕೈ ಹಾಕಿ ತೆರೆಯುತ್ತಾಳೆ. ಇಡೀ ದಿನ ಅದು ಗುಂಯ್‌ಗುಡುತ್ತಿರುತ್ತದೆ.

“ಇದು ಯಾಕೆ?” ಎಂದು ಕೇಳಿದೆ. ಅಭ್ಯಾಸವಾಗಲೆಂದು.

“ಬದುಕಿರೋಕೆ,” ಎಂದಳು.

ಮಾರ್ಚ್ ೧೧

ಅಂಟು ಬಳಸುವವರನ್ನು ಹೋಗಿ ಕೇಳದೆ ಇಲ್ಲಿ ಕೂತು ಏನು ಮಾತಾಡುವುದು ಎಂದು ನಾನೇ ಹಟ ಹಿಡಿದೆ. ಮಂದಹಾಸ ತಕ್ಷಣ ಒಪ್ಪಿದರು. ವಾರವಿಡೀ ಚಪ್ಪಲಿ ಮಾಡುವಲ್ಲಿ, ಪೆಟ್ಟಿಗೆ ಮಾಡುವಲ್ಲಿ, ಕೊನೆಗೆ ತಂಗಿ ಕೆಲಸ ಮಾಡುವ ಬ್ಯಾಗಿನ ಶೆಡ್ಡಿಗೂ ಹೋದೆ.

ಟೈರ್ ಅಂಗಡಿಯ ಮೇಲಿನ ಮಹಡಿ. ಉದ್ದ ಮೇಜು, ಎರಡೂ ಬದಿ ಹೆಂಗಸರು. ನಡುವೆ ನಮ್ಮ ಹಳದಿ ಡಬ್ಬಿಗಳು, ಅಂದರೆ ಅವರ ಹಳದಿ ಡಬ್ಬಿಗಳು, ಕಂಪನಿಯವು. ಬ್ರಷ್ ಕೊಟ್ಟಿದ್ದಾರೆ, ಯಾರೂ ಮುಟ್ಟುವುದಿಲ್ಲ. ತೋರುಬೆರಳನ್ನು ಡಬ್ಬಿಗೆ ಅದ್ದಿ ಚರ್ಮದ ಅಂಚಿಗೆ ಒಂದೇ ಎಳೆತದಲ್ಲಿ ಹಚ್ಚುತ್ತಾರೆ. “ಬ್ರಷ್ಷಿಗೆ ಕಣ್ಣಿಲ್ಲ ಅಣ್ಣ, ಬೆರಳಿಗಿದೆ,” ಎಂದಳು ತಂಗಿ. ಅವಳ ಗೆರೆ ಎಲ್ಲರಿಗಿಂತ ತೆಳು. ಓನರ್ ಅದನ್ನು ನನಗೆ ತೋರಿಸಿ, “ನಿಮ್ ತಂಗಿ ಕೈ ಸಾರ್, ಕೈಯಲ್ಲ, ಮಿಷನ್ನು,” ಎಂದ. ಗಂಡ ತೀರಿಕೊಂಡ ಮೇಲೆ ಅವಳು ಯಾರ ಹಂಗೂ ಇಲ್ಲದೆ ಬದುಕುತ್ತಿರುವುದು ಆ ಗೆರೆಯಿಂದ.

ವಾಸನೆ ಮಾತ್ರ ಬಾಗಿಲಲ್ಲೇ ಮುಖಕ್ಕೆ ಗುದ್ದಿತು. ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೊಮ್ಮೆ ಯಾರಾದರೊಬ್ಬರು “ಅಯ್ಯೋ ತಲೆ” ಎಂದು ಏಳುತ್ತಾರೆ, ಅವರ ಹಿಂದೆ ಎಲ್ಲರೂ. ಮೆಟ್ಟಿಲ ಮೇಲೆ ಕೂತು ಗಾಳಿ ಕುಡಿದು, ಊರಿನವರನ್ನೆಲ್ಲ ಆಡಿಕೊಂಡು, ಮತ್ತೆ ಒಳಗೆ. ಓನರ್ ಮೆಟ್ಟಿಲನ್ನು ನೋಡುವ ನೋಟಕ್ಕೆ ಮೆಟ್ಟಿಲು ಕರಗಬೇಕಿತ್ತು.

“ಈ ಅಂಟಿನಿಂದ ನಿಮಗೇನು ತೊಂದರೆ?” ಎಂದು ಕೇಳಿದೆ. ಎಲ್ಲರದೂ ಒಂದೇ ಉತ್ತರ. ವಾಸನೆ. ಮನೆಗೆ ಹೋದರೂ ಸೆರಗಲ್ಲಿ ವಾಸನೆ, ಕೂದಲಲ್ಲಿ ವಾಸನೆ, ಮಕ್ಕಳು ಹತ್ತಿರ ಬರೋದಿಲ್ಲ.

ತಂಗಿಗೆ ಎಲ್ಲರಿಗಿಂತ ಹೆಚ್ಚು. ಚಿಕ್ಕಂದಿನಲ್ಲಿ ಅಮ್ಮ ಸಕ್ಕರೆ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟರೂ ಮೂಗಿನಿಂದಲೇ ಹುಡುಕುತ್ತಿದ್ದಳು. ಸಕ್ಕರೆಗೂ ವಾಸನೆಯಿದೆ ಎಂದು ನನಗೆ ಗೊತ್ತಾದದ್ದು ಅವಳಿಂದ. ಅಪ್ಪ ‘ಇರುವೆ’ ಎಂದು ಕರೆಯುತ್ತಿದ್ದರು, ಈಗಲೂ ನಾನು ಹಾಗೇ ಕರೆಯುತ್ತೇನೆ.

“ಇರುವೇ, ಇಷ್ಟು ವಾಸನೇಲಿ ಹೇಗೆ ಕೂರ್ತೀಯೆ?”

“ಮೂಗು ಮನೇಲಿಟ್ಟು ಬರ್ತೀನಿ,” ಎಂದಳು.

ಮಾರ್ಚ್ ೨೭

ವರದಿ ಒಪ್ಪಿಸಿದೆ. ಬಳಸುವವರ ದೊಡ್ಡ ದೂರು ವಾಸನೆ, ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂದೆ. ಮಂದಹಾಸ ಎದ್ದು ನಿಂತು ಕೈ ಕುಲುಕಿದರು. “ನೋಡ್ರಪ್ಪ, ಇದು ಜನರ ದನಿ. ಹತ್ತು ವರ್ಷದಿಂದ ಅಂಟು ಗಟ್ಟಿ ಮಾಡ್ತಿದ್ದೀವಿ, ಅಗ್ಗ ಮಾಡ್ತಿದ್ದೀವಿ. ಹಚ್ಚೋರು ಮನುಷ್ಯರು ಅಂತ ಹೇಳೋಕೆ ಮೇಷ್ಟ್ರು ಬರಬೇಕಾಯ್ತು.”

ಸುಮ್ಮನೆ ಹೇಳಲಿಲ್ಲ. ವಾಸನೆಯಿಲ್ಲದ ಅಂಟು ಈ ವರ್ಷದ ಮುಖ್ಯ ಕೆಲಸ ಎಂದು ಅಲ್ಲೇ ತೀರ್ಮಾನವಾಯಿತು. ಬಿಳಿ ಡಬ್ಬಿಯಲ್ಲಿ ಬರುತ್ತದೆ. ಇಷ್ಟು ವರ್ಷ ನಾನು ಕಪ್ಪು ಹಲಗೆಯ ಮೇಲೆ ಬರೆದದ್ದು ಯಾವುದೂ ಜಗತ್ತಿನಲ್ಲಿ ಒಂದು ಕುರ್ಚಿಯನ್ನೂ ಆಚೀಚೆ ಸರಿಸಿರಲಿಲ್ಲ.

ಏಪ್ರಿಲ್ ೧೮

ಇಲ್ಲಿಯ ವಿಚಿತ್ರ ಪದ್ಧತಿಯೊಂದನ್ನು ಬರೆದಿಡಬೇಕು. ವಾರಕ್ಕೊಮ್ಮೆ ‘ಮೂಗಿನ ಬೆಂಚು’ ಕೂರುತ್ತದೆ. ಪ್ರಯೋಗಾಲಯದ ಹೊರಗೆ ಒಂದು ಮರದ ಬೆಂಚು, ಅದರ ಮೇಲೆ ಕೆಲವರು ಸಾಲಾಗಿ. ಕೆಮಿಸ್ಟ್ ಕಾಗದದ ಕಡ್ಡಿಗಳನ್ನು ಬೇರೆ ಬೇರೆ ಮಾದರಿಯಲ್ಲಿ ಅದ್ದಿ ತಂದು ಒಬ್ಬೊಬ್ಬರ ಮೂಗಿಗೂ ಹಿಡಿಯುತ್ತಾಳೆ. ತಡೆಯಲಾಗದಿದ್ದರೆ ಐದು ಅನ್ನಬೇಕು, ಏನೂ ಇಲ್ಲದಿದ್ದರೆ ಸೊನ್ನೆ. ಒಬ್ಬರ ಮೂಗನ್ನು ನಂಬಬಾರದು, ಅನುಮಾನ ಬಂದರೆ ಪಕ್ಕದವರನ್ನು ಕೇಳಬೇಕು ಎಂಬುದು ಬೆಂಚಿನ ನಿಯಮ.

ನನ್ನನ್ನೂ ಕೂರಿಸಿದರು. ಗಂಭೀರ ಮುಖದ ವಯಸ್ಕರು ಒಂದೇ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ಮೂಗು ಮುಂದೆ ಚಾಚಿ “ಮೂರು”, “ನಾಲ್ಕು” ಅನ್ನುತ್ತಿರುವುದನ್ನು ಹೊರಗಿನವರು ಕಂಡರೆ ಆಂಬ್ಯುಲೆನ್ಸ್ ಕರೆಸುತ್ತಾರೆ.

ಮೇ ೯

ಬೆಂಚಿನ ಅಂಕಿಗಳು ಇಳಿಯುತ್ತಿವೆ. ಎಲ್ಲರೂ ಹಿಗ್ಗಿದ್ದಾರೆ, ಕೆಮಿಸ್ಟ್ ಒಬ್ಬಳನ್ನು ಬಿಟ್ಟು. ಊಟದ ಹೊತ್ತಿಗೆ ಅವಳಾಗಿಯೇ ನನ್ನ ಎದುರು ಬಂದು ಕೂತಳು.

“ಮೇಷ್ಟ್ರೇ, ಅಂಟು ಒಣಗೋದು ಅಂದ್ರೆ ಅದರೊಳಗಿನ ದ್ರವ ಆವಿಯಾಗಿ ಹೋಗೋದು. ಹಳದಿ ಡಬ್ಬಿ ಆವಿಗೆ ವಾಸನೆ ಇತ್ತು. ನಾವೀಗ ದ್ರವಾನೇ ಬದಲಾಯಿಸಿದ್ದೀವಿ. ಇದರ ಆವೀಗೆ ವಾಸನೆ ಇಲ್ಲ ಅನ್ನೋಷ್ಟು ಕಮ್ಮಿ. ಆದ್ರೆ ಆವಿ ಇದೆ. ಮೊದಲಿಗಿಂತ ಬೇಗ ಏಳುತ್ತೆ.”

“ಅದು ಕೆಟ್ಟದ್ದಾ?”

“ಹಳೇದು ತಲೆ ಹಿಡಿದು ಆಚೆ ಕಳಿಸ್ತಿತ್ತು. ಇದು ಕಳಿಸಲ್ಲ. ಮುಚ್ಚಿದ ಕೋಣೇಲಿ ತಿಂಗಳುಗಟ್ಟಲೆ ಉಸಿರಾಡಿದ್ರೆ ನರಕ್ಕೆ ಹೋಗುತ್ತೆ. ಮೊದಲು ಬೆರಳ ತುದಿ, ಕಾಲ ತುದಿ. ಆಮೇಲೆ ಮೇಲಕ್ಕೆ.” ನೀರು ಕುಡಿದು ಮುಂದುವರಿಸಿದಳು. “ಅಡುಗೆ ಗ್ಯಾಸಿಗೆ ತನ್ನದೂಂತ ವಾಸನೆ ಇಲ್ಲ, ಗೊತ್ತಲ್ಲ? ಸೋರಿದ್ರೆ ತಿಳೀಲಿ ಅಂತ ದುರ್ವಾಸನೆ ಬೆರೆಸ್ತಾರೆ. ಊರೆಲ್ಲ ಸೇರಿಸ್ತಿದೆ, ನಾವು ತೆಗೀತಿದ್ದೀವಿ. ನೀವು ಅವರನ್ನ ಏನು ತೊಂದರೆ ಅಂತ ಕೇಳಿದ್ರಿ. ಅವರು ವಾಸನೆ ಅಂದ್ರು. ವಾಸನೆ ತೊಂದರೆ ಅಲ್ಲ ಮೇಷ್ಟ್ರೇ, ತೊಂದರೆ ಬರ್ತಿದೆ ಅಂತ ಕೂಗೋ ಕೂಗು.”

ಮಾತು ಚೆನ್ನಾಗಿತ್ತು, ಸ್ವಲ್ಪ ನಾಟಕೀಯ. ಮಧ್ಯಾಹ್ನ ಮಂದಹಾಸರನ್ನು ಕೇಳಿದೆ. ಅಳತೆಗಳೆಲ್ಲ ಮಿತಿಯೊಳಗಿವೆ ಎಂದರು, ಕಿಟಕಿ ತೆರೆದಿದ್ದರೆ. ಕಿಟಕಿ ಎಲ್ಲರ ಮನೆಯಲ್ಲೂ ಇರುತ್ತದಲ್ಲ ಎಂದು ಅದೇ ಮುಖ ಮಾಡಿದರು.

ನಾಳೆ ಇನ್ನೊಮ್ಮೆ ಕೇಳಬೇಕು.

ಮೇ ೩೦

ಪರೀಕ್ಷೆಗೆ ಒಂದು ಸಣ್ಣ ಕಾರ್ಖಾನೆ ಬೇಕಿತ್ತು. ಬ್ಯಾಗಿನ ಶೆಡ್ಡಿನ ಹೆಸರು ನಾನೇ ಹೇಳಿದೆ. ಅಷ್ಟು ದಿನ ತಲೆನೋವಿನಲ್ಲಿ ಕೂತವರು, ಹೊಸದು ಮೊದಲು ಅವರ ಕೈಗೆ ಹೋಗುವುದು ನ್ಯಾಯ. ಜೊತೆಗೆ ಏನಾದರೂ ಹೆಚ್ಚುಕಡಿಮೆಯಾದರೆ ತಂಗಿ ನನ್ನಿಂದ ಮುಚ್ಚಿಡುವುದಿಲ್ಲ.

ಜೂನ್ ೧೬

ತಂಗಿ ಮನೆಗೆ ಬಂದಿದ್ದಳು, ಮುಖ ಅರಳಿಸಿಕೊಂಡು.

“ಅಣ್ಣ, ಬಿಳಿ ಡಬ್ಬಿ ಅಂದ್ರೆ ನೀರಿನ ಡಬ್ಬಿ! ಏನೂ ಗೊತ್ತಾಗಲ್ಲ. ಮೆಟ್ಟಿಲಿಗೇ ಬೇಜಾರಾಗಿದೆ, ಯಾರೂ ಹೋಗ್ತಾನೇ ಇಲ್ಲ. ಓನರ್ ಮೊನ್ನೆ ನಗ್ತಾ ಇದ್ದ, ನಾವೆಲ್ಲ ಹೆದರ್ಕೊಂಡ್ವಿ.”

“ನಿನ್ನ ಮೂಗಿಗೂ ಗೊತ್ತಾಗಲ್ವಾ?”

“ಡಬ್ಬಿ ತೆಗೆದಾಗ ಒಂಚೂರು. ಸಿಹಿ ಇದ್ದ ಹಾಗೆ, ತಣ್ಣಗೆ. ಆಮೇಲೆ ಇಲ್ಲ.” ಬಾಗಿಲಲ್ಲಿ ನಿಂತೇ ಹೆಂಡತಿಯ ಕಡೆ ತಿರುಗಿ, “ಅತ್ತಿಗೆ, ಒಲೆ ಮೇಲೆ ಹಾಲಿಟ್ಟಿದ್ದೀರಲ್ಲ, ತಳ ಹಿಡೀತಿದೆ,” ಎಂದಳು.

ಹೆಂಡತಿ ಓಡಿದಳು. “ನೀವು ಪಕ್ಕದಲ್ಲೇ ಕೂತಿದ್ರಲ್ರೀ, ಒಂದು ಮಾತು ಹೇಳ್ಬಾರ್ದಾ?” ಎಂದು ಒಳಗಿನಿಂದ ಕೂಗಿದಳು. ನಾನು ಯೋಚನೆಯಲ್ಲಿದ್ದೆ.

ಜುಲೈ ೪

ಬೆಂಚಿನಲ್ಲಿ ನನ್ನ ಮೂಗಿಗೆ ಹೆಸರು ಬಂದಿದೆ. ಉಳಿದವರು ಒಂದು ವಾರ ಒಂದು, ಇನ್ನೊಂದು ವಾರ ಎರಡು ಅನ್ನುತ್ತಾರೆ. ನನ್ನದು ಅಲುಗಾಡುವುದಿಲ್ಲ. “ಸ್ಥಿರವಾದ ಮೂಗು,” ಎಂದರು ಮಂದಹಾಸ. ಇನ್ನು ಮೇಲೆ ಎರಡು ಅಭಿಪ್ರಾಯ ಬಂದರೆ ನನ್ನದನ್ನೇ ಹಿಡಿಯುವುದಂತೆ.

ಮಳೆಗಾಲದ ನೆಗಡಿ. ಮೂಗು ಕಟ್ಟಿಲ್ಲ, ಆದರೂ ನೆಗಡಿಯೇ. ಹೆಂಡತಿ ಕಾಫಿಪುಡಿ ಬದಲಾಯಿಸಿದ್ದಾಳೆ ಎಂದುಕೊಂಡು ಕೇಳಿದೆ, ಇಲ್ಲವಂತೆ. ಎಲ್ಲವೂ ಬಿಸಿ ಅಥವಾ ತಣ್ಣಗೆ, ಅಷ್ಟೇ.

ಜುಲೈ ೨೫

ಇವತ್ತು ಒಂದು ಅಹಿತಕರ ಸಂಗತಿ. ಬೆಂಚು ಮುಗಿದು ಎಲ್ಲರೂ ಎದ್ದ ಮೇಲೆ ಕೆಮಿಸ್ಟ್ ನನ್ನೊಬ್ಬನನ್ನು ಕೂರಿಸಿ ಒಂದು ಕಡ್ಡಿ ಹಿಡಿದಳು.

“ಸೊನ್ನೆ,” ಎಂದೆ.

ಇನ್ನೊಂದು ಹಿಡಿದಳು. ಸೊನ್ನೆ. ಮತ್ತೊಂದು. ಸೊನ್ನೆ.

ಅವಳು ಕಡ್ಡಿಗಳನ್ನು ತನ್ನ ಕೈಯಲ್ಲೇ ತಿರುಗಿಸುತ್ತಾ ನಿಂತಳು. “ಮೊದಲನೇದು ಬಿಳಿ ಡಬ್ಬಿ. ಎರಡನೇದು ವಿನೆಗರ್. ಕೊನೇದು ಹಳದಿ ಡಬ್ಬಿ, ಮೇಷ್ಟ್ರೇ.”

ನೆಗಡಿ ಎಂದೆ. ಎಷ್ಟು ದಿನದಿಂದ ಎಂದು ಕೇಳಿದಳು. ಲೆಕ್ಕ ಇಟ್ಟಿಲ್ಲ ಎಂದೆ. ಈ ವಿಷಯ ಮುಖ್ಯಸ್ಥರಿಗೆ ನೀವೇ ಹೇಳಿದರೆ ಚೆಂದ ಎಂದಳು. ಖಂಡಿತ ಎಂದೆ. ನೆಗಡಿ ಇಳಿದ ಮೇಲೆ ಹೇಳುವುದು ಸರಿ, ಈಗ ಹೇಳಿದರೆ ಹಿಂದಿನ ಅಂಕಿಗಳಿಗೆಲ್ಲ ಅನವಶ್ಯಕ ಅನುಮಾನ ತಾಗುತ್ತದೆ.

ಆಗಸ್ಟ್ ೭

ಕೆಮಿಸ್ಟನ್ನು ಬೇರೆ ಊರಿನ ಶಾಖೆಗೆ ಕಳಿಸಿದ್ದಾರೆ. ಬಡ್ತಿಯಂತೆ. ಅವಳ ಮೇಜಿನ ಮೇಲೆ ಈಗ ಪ್ರಿಂಟರ್ ಇದೆ.

ಹೊರಡುವ ಮುನ್ನ ಮೆಟ್ಟಿಲ ಬಳಿ ಸಿಕ್ಕಿದಳು. ಕೂದಲಲ್ಲಿ ಪೆನ್ಸಿಲ್ ಇರಲಿಲ್ಲ, ಯಾರೋ ಎಂದುಕೊಂಡು ದಾಟಿ ಹೋಗಿದ್ದೆ.

“ಆ ಶೆಡ್ಡಲ್ಲಿ ನಿಮ್ಮ ತಂಗಿ ಇದ್ದಾರೆ ಅಂತ ನನಗೆ ಮೊನ್ನೆ ಗೊತ್ತಾಯ್ತು,” ಎಂದಳು. “ಕಿಟಕಿ ತೆಗೆದಿಡೋಕೆ ಹೇಳಿ. ಬೇರೇನೂ ಬೇಡ, ಅಷ್ಟು ಹೇಳಿ.”

ಸಂಜೆಯೇ ತಂಗಿಗೆ ಫೋನ್ ಮಾಡಿ ಹೇಳಿದೆ.

“ಹೇಗೆ ತೆಗೆಯೋದಣ್ಣ? ಕೆಳಗೆ ರಸ್ತೆ ಅಗೆದು ಹಾಕಿದ್ದಾರೆ. ಈಗ ಮಾಡ್ತಿರೋದು ಬಿಳಿ ಚರ್ಮದ ಬ್ಯಾಗು, ಧೂಳು ಕೂತ್ರೆ ಓನರ್ ನಮ್ಮನ್ನೇ ಅಂಟಿಸಿಬಿಡ್ತಾನೆ. ಮೊದಲಾದ್ರೆ ವಾಸನೆಗೆ ತೆಗೀಲೇಬೇಕಿತ್ತು. ಈಗ ಯಾಕೆ?”

ಕಾರಣ ಸಮಂಜಸವಾಗಿತ್ತು. ಧೂಳು ಕಣ್ಣಿಗೆ ಕಾಣುತ್ತದೆ. ಕಾಣುವುದರ ವಿರುದ್ಧ ಕಾಣದಿರುವುದನ್ನು ಮುಂದಿಟ್ಟು ವಾದ ಗೆಲ್ಲುವುದು ಕಷ್ಟ, ಕಾಲೇಜಿನಲ್ಲೂ ಇದನ್ನೇ ಹೇಳುತ್ತಿದ್ದೆ.

ಆಗಸ್ಟ್ ೨೯

ಶೆಡ್ಡಿನ ಪರೀಕ್ಷೆಯ ಮೊದಲ ಫಲಿತಾಂಶ ನಮ್ಮ ನಿರೀಕ್ಷೆಗಿಂತ ಚೆನ್ನಾಗಿದೆ. ತಲೆನೋವು ಇಲ್ಲ, ವಾಂತಿ ಇಲ್ಲ, ಕೆಲಸ ಬಿಟ್ಟು ಏಳುವುದಿಲ್ಲ. ನಾವು ಇದನ್ನು ‘ಬಳಕೆದಾರರ ನೆಮ್ಮದಿ’ ಎಂದು ದಾಖಲಿಸಿಕೊಂಡಿದ್ದೇವೆ. ಪದ ನನ್ನದು. ಡಬ್ಬಿಯ ಮೇಲೆ ‘ಕಿಟಕಿ ತೆರೆದಿಡಿ’ ಎಂದು ಅಚ್ಚು ಹಾಕಿಸಬೇಕೆಂಬ ಹಳೆಯ ಸೂಚನೆಯೊಂದಿತ್ತು, ಕೆಮಿಸ್ಟ್ ಕೊಟ್ಟದ್ದು. ಬಿಳಿ ಡಬ್ಬಿಯ ಮೇಲೆ ಎಚ್ಚರಿಕೆ ಬರೆದರೆ ಜನರಿಗೆ ಇಲ್ಲದ ಭಯ ಹುಟ್ಟುತ್ತದೆ ಎಂದು ಮಾರಾಟದವರು ಹೇಳಿದರು. ಮುಂದಿನ ಕಂತಿನಲ್ಲಿ ನೋಡೋಣ ಎಂದು ನಾವು ತೀರ್ಮಾನಿಸಿದೆವು.

ಸೆಪ್ಟೆಂಬರ್ ೧೫

ತಂಗಿ ಊಟಕ್ಕೆ ಬಂದಿದ್ದಳು. ಬಾಗಿಲ ಬಳಿ ಹೆಂಡತಿ, “ಒಂದು ಕಾಲಲ್ಲಿ ಚಪ್ಪಲಿ ಎಲ್ಲಮ್ಮಾ?” ಎಂದಳು. ತಂಗಿ ಕೆಳಗೆ ನೋಡಿದಳು. ಒಂದು ಕಾಲು ಬರಿದು. ಹಿಂದಿರುಗಿ ಹೋಗಿ ನೋಡಿದರೆ ಬೀದಿಯ ತಿರುವಿನಲ್ಲಿ ಬಿದ್ದಿತ್ತು. ಅಷ್ಟು ದೂರ ಬರಿಗಾಲಲ್ಲಿ ನಡೆದಿದ್ದಾಳೆ.

“ಯೋಚನೇಲಿದ್ದೆ,” ಎಂದಳು.

“ನಿಮ್ಮಣ್ಣನ ತರಾನೇ,” ಎಂದಳು ಹೆಂಡತಿ.

ಎಲ್ಲರೂ ನಕ್ಕೆವು. ಊಟ ಮಾಡುವಾಗ ಲೋಟ ಅವಳ ಕೈಯಿಂದ ಜಾರಿತು. ಅದಕ್ಕೂ ನಕ್ಕೆವು, ಸ್ವಲ್ಪ ಕಡಿಮೆ.

ಸೆಪ್ಟೆಂಬರ್ ೨೮

ಅವಳ ಗೆರೆ ದಪ್ಪಗಾಗಿದೆಯಂತೆ. ಓನರ್ ಎರಡು ಬ್ಯಾಗು ವಾಪಸ್ ಕೊಟ್ಟ.

ಅಕ್ಟೋಬರ್ ೧೦

ತಂಗಿಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಹೆಂಡತಿಯೂ ಬಂದಳು. ಮೊನ್ನೆ ತಂಗಿಗೆ ರವಿಕೆಯ ಹುಕ್ಕು ಹಾಕಿಕೊಳ್ಳಲಾಗಲಿಲ್ಲವಂತೆ. ಹೆಂಡತಿ ಹೋದಾಗ ಕನ್ನಡಿಯ ಮುಂದೆ ಸುಮ್ಮನೆ ಕೂತಿದ್ದಳಂತೆ.

ಡಾಕ್ಟರ್ ವಯಸ್ಸಾದವರು, ತಾಳ್ಮೆಯ ಮನುಷ್ಯ. ಅವಳ ಕಣ್ಣು ಮುಚ್ಚಿಸಿ ಬೆರಳುಗಳಿಗೆ ಸೂಜಿಯ ಮೊನೆ ತಾಗಿಸಿದರು. “ತಾಗ್ತಿದೆಯಾ?” “ಎಲ್ಲಿ?” ಎಂದಳು ತಂಗಿ. ತಾಗಿಸುತ್ತಲೇ ಇದ್ದರು. ಕಾಲಿಗೂ.

“ನರಗಳು ಸೋತ ಹಾಗಿದೆ. ಏನು ಕೆಲಸ ಮಾಡ್ತೀರಮ್ಮ?”

“ಬ್ಯಾಗಿಗೆ ಅಂಟು ಹಚ್ಚೋದು.”

ಡಾಕ್ಟರ ಪೆನ್ನು ನಿಂತಿತು. “ಅಂಟಾ? ಘಾಟು ಇರೋ ಅಂಟಾ?”

“ಅಯ್ಯೋ, ಅದು ಮೊದಲು ಡಾಕ್ಟ್ರೇ. ಈಗಿನದಕ್ಕೆ ವಾಸನೇನೇ ಇಲ್ಲ. ನಮ್ಮಣ್ಣನ ಕಂಪನೀದೇ. ಜನಕ್ಕೆ ತೊಂದ್ರೆ ಆಗ್ಬಾರ್ದು ಅಂತ ಅಣ್ಣಾನೇ ಹೇಳಿ ಮಾಡಿಸಿದ್ದು.” ಹೆಮ್ಮೆಯಿಂದ ನನ್ನ ಕಡೆ ನೋಡಿದಳು.

“ಹಾಗಾದ್ರೆ ಅದಲ್ಲ,” ಎಂದರು ಡಾಕ್ಟರ್. ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಬರೆದುಕೊಟ್ಟರು, ಜೊತೆಗೆ ವಿಟಮಿನ್ ಮಾತ್ರೆ.

ನಾನು ಏನೂ ಸೇರಿಸಲಿಲ್ಲ. ಪ್ರಶ್ನೆ ಕೇಳಿದ್ದು ಅವಳನ್ನು.

ಹೊರಗೆ ಬಂದ ಮೇಲೆ ಹೆಂಡತಿ ನನ್ನನ್ನು ಬಿಟ್ಟು ಮುಂದೆ ಹೋದಳು. ತಂಗಿಯ ಕೈ ಹಿಡಿದು ನಡೆಯುತ್ತಿದ್ದಳು, ಮಗುವನ್ನು ರಸ್ತೆ ದಾಟಿಸುವ ಹಾಗೆ.

ಅಕ್ಟೋಬರ್ ೧೧

ರಾತ್ರಿ ನಿದ್ದೆ ಸರಿಯಿರಲಿಲ್ಲ. ಏನೋ ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು.

ಅಕ್ಟೋಬರ್ ೨೨

ಸಕ್ಕರೆ ಕಾಯಿಲೆ ಇಲ್ಲವಂತೆ. ತಂಗಿಗೆ ಅದೊಂದು ಸಂತೋಷ. “ಇರುವೆಗೆ ಸಕ್ಕರೆ ಕಾಯಿಲೆ ಬಂದ್ರೆ ಬದುಕೋದು ಹೇಗೆ ಅಣ್ಣ?” ಎಂದಳು. ಕೆಲಸಕ್ಕೆ ಹೋಗುತ್ತಿಲ್ಲ. ಮೇಜಿನ ಇನ್ನಿಬ್ಬರಿಗೂ ಪಾದ ಜೋಮು ಹಿಡಿದ ಹಾಗಿದೆ, ಚಳಿ ಬಂತಲ್ಲ ಅದಕ್ಕೇ ಅನ್ನುತ್ತಾರಂತೆ.

ಇವತ್ತು ಕೊನೆಯ ಸಭೆ. ಡಬ್ಬಿ ಮಾರುಕಟ್ಟೆಗೆ ಹೋಗುವ ಮುನ್ನ ಕೊನೆಯ ಪ್ರಶ್ನೆ ನನ್ನದಾಗಿರಬೇಕು ಎಂಬುದು ಮೊದಲ ದಿನವೇ ಆದ ಒಪ್ಪಂದ. ನಾನು ಸರಿಯಿಲ್ಲ ಎಂದರೆ ಒಂದು ತಿಂಗಳು ತಡೆಯುತ್ತಾರೆ. ಅಧಿಕಾರ ಇರುವುದು ಅಷ್ಟೇ, ಆದರೆ ಇದೆ. ಮಂದಹಾಸ ಎಲ್ಲರನ್ನೂ ಸುಮ್ಮನಾಗಿಸಿ, “ಯಾಕೆ ಮೇಷ್ಟ್ರು ಕೇಳ್ತಾರೆ,” ಎಂದರು.

ಬಿಳಿ ಡಬ್ಬಿ ಮೇಜಿನ ಮೇಲಿತ್ತು. ಮುಚ್ಚಳ ಹಾಕಿತ್ತು. ತಂಗಿಯ ಬೆರಳುಗಳು ಕಣ್ಣಿಗೆ ಬಂದವು, ಲೋಟದ ಸುತ್ತ ಅವು ಹುಡುಕಾಡುವ ರೀತಿ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

“ಕೈಯಲ್ಲಿ ಹಿಡಿತ ಇಲ್ಲದವರಿಗೆ ಈ ಮುಚ್ಚಳ ತೆಗೆಯೋಕಾಗುತ್ತಾ?” ಎಂದು ಕೇಳಿದೆ.

ಕೋಣೆಯಲ್ಲಿ ಮೆಚ್ಚುಗೆಯ ಒಂದು ಸದ್ದು ಎದ್ದಿತು. ಇದು ಯಾರಿಗೂ ಹೊಳೆದಿರಲಿಲ್ಲ. ಮುಚ್ಚಳದ ಅಂಚಿಗೆ ಒಂದು ಸಣ್ಣ ಕಿವಿ ಸೇರಿಸುವುದೆಂದು ಅಲ್ಲೇ ಗೊತ್ತುಮಾಡಿದರು. ವಾರದಲ್ಲಿ ಆಗುತ್ತದೆ. ನಾನು ಸಹಿ ಹಾಕಿದೆ.

ಮಂದಹಾಸ ತಾವೇ ಕಾರಿನಲ್ಲಿ ಮನೆಯವರೆಗೆ ಬಿಟ್ಟರು. ಮುಂದಿನ ಸೀಟು. ಗಾಜಿನ ಮುಂದೆ ದಾರದಲ್ಲಿ ಒಂದು ಪುಟ್ಟ ಬಾಟಲಿ ತೂಗುತ್ತಿತ್ತು, ತಿರುವು ಬಂದಾಗ ಆ ಕಡೆ ಈ ಕಡೆ. ಆವತ್ತಿನ ಮಾತು ಹೊಳೆಯಿತು. ಬ್ರೇಕ್ ಅಲ್ಲ, ಹಾರ್ನ್ ಅಲ್ಲ, ಕನ್ನಡಿಯೂ ಅಲ್ಲ. “ನೀವು ಬ್ರೇಕ್ ಅಲ್ಲ ಮೇಷ್ಟ್ರೇ, ನೀವು ಕಾರಿನಲ್ಲಿ ತೂಗುಹಾಕೋ ಸೆಂಟು.” ಇದಕ್ಕೇ ನಕ್ಕಿದ್ದೆವು.

“ಹೊಸದು,” ಎಂದರು, ನಾನು ಅದನ್ನೇ ನೋಡುತ್ತಿರುವುದನ್ನು ಕಂಡು. “ಮಲ್ಲಿಗೆ. ಜಾಸ್ತಿಯಾಯ್ತಾ?”

ಸ್ವಲ್ಪ ಮುಂದೆ ಬಾಗಿ ಉಸಿರೆಳೆದೆ.

“ಇಲ್ಲ ಇಲ್ಲ, ಹದವಾಗಿದೆ,” ಎಂದೆ.

ನವೆಂಬರ್ ೧

ತಂಗಿಗೆ ಇನ್ನು ಅವಳ ಮನೆಯ ಮೆಟ್ಟಿಲು ಹತ್ತಿಳಿಯಲಾಗುವುದಿಲ್ಲ. ನಮ್ಮಲ್ಲೇ ಇರಲಿ ಎಂದು ತೀರ್ಮಾನಿಸಿದವಳು ಹೆಂಡತಿ, ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮಧ್ಯಾಹ್ನದ ಊಟ ಮುಗಿದದ್ದೇ ಅವಳನ್ನು ಕರೆತರಲು ಆಟೋ ಹತ್ತಿದಳು. ಹೋಗುವಾಗ, “ಅವಳು ಬಂದ ತಕ್ಷಣ ಕಾಲಿಡೋಕೆ ಬಿಸಿನೀರು ಬೇಕು. ಬರೋ ಹೊತ್ತಿಗೆ ಕಾಯಿಸಿಡಿ. ಅಷ್ಟಾದ್ರೂ ಮಾಡಿ,” ಎಂದಳು. ಎಷ್ಟು ಬಿಸಿ ಎಂಬುದನ್ನು ಅವಳೇ ಕೈಯಿಟ್ಟು ನೋಡುತ್ತಾಳಂತೆ, ತಂಗಿಯ ಕಾಲಿಗೆ ಗೊತ್ತಾಗುವುದಿಲ್ಲವಲ್ಲ.

ಪಾತ್ರೆಗೆ ನೀರು ಹಿಡಿದು ಒಲೆಯ ಮೇಲಿಟ್ಟೆ. ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡಾಗ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯಾಕೆ.

“ನಿಮ್ಮನೆಯಿಂದ ಏನಾದ್ರೂ ವಾಸನೆ ಬರ್ತಿದೆಯಾ ಸಾರ್? ನಮ್ಮ ಅಡುಗೆಮನೆ ಕಿಟಕಿ ಹತ್ರ ನಿಂತ್ರೆ ಒಂಥರಾ…”

ನಾನು ಕಣ್ಣು ಮುಚ್ಚಿ ಉಸಿರೆಳೆದೆ, ಬೆಂಚಿನ ಮೇಲೆ ಕೂತ ಹಾಗೆ.

“ಸೊನ್ನೆ,” ಎಂದೆ.

“ಏನು?”

“ಏನೂ ಇಲ್ಲ ಅಂದೆ.”

ಅವಳು ಹಾಗಾದರೆ ಚರಂಡಿಯೇ ಇರಬೇಕು ಎಂದು ಹೋದಳು.

ಒಳಗೆ ಬಂದು ಗ್ಯಾಸ್ ಒಲೆಯ ನಾಬ್‌ಗಳನ್ನು ನೋಡಿದೆ. ನೇರ ಇರುವಂತೆ ಕಾಣುತ್ತವೆ. ಹಳೆಯ ಒಲೆ, ಗುರುತಿನ ಬಿಳಿ ಚುಕ್ಕೆ ಉಜ್ಜಿ ಉಜ್ಜಿ ಹೋಗಿದೆ. ಎಷ್ಟು ತಿರುಗಿಸಿದರೆ ಗ್ಯಾಸ್ ನಿಲ್ಲುತ್ತದೆ ಎಂಬುದು ಹೆಂಡತಿಗೆ ಕೈಯಲ್ಲಿ ಗೊತ್ತು, ನನಗಿಲ್ಲ. ಅಡುಗೆಮನೆಯ ಕಿಟಕಿ ಚಳಿಗೆಂದು ಮುಚ್ಚಿದೆ. ಕೆಮಿಸ್ಟ್ ಹೇಳಿದ ಮಾತು, ಊಟದ ಮೇಜಿನ ಎದುರು ಕೂತು ಹೇಳಿದ್ದು, ಪೂರ್ತಿ ನೆನಪಿಗೆ ಬರುತ್ತಿಲ್ಲ, ಗ್ಯಾಸಿನ ಬಗ್ಗೆ ಏನೋ ಇತ್ತು. ತಿರುಗಿಸಿ ನೋಡುವುದಕ್ಕೂ ಧೈರ್ಯವಾಗದೆ ಈ ಪುಸ್ತಕವನ್ನು ಅಡುಗೆ ಕಟ್ಟೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಪೊಟ್ಟಣ ಎಡಗೈಯಲ್ಲಿದೆ. ನೀರು ತಣ್ಣಗಿದೆ, ಆಟೋ ಇನ್ನೇನು ಬರುವ ಹೊತ್ತು.

ಅನುಮಾನ ಬಂದರೆ ಪಕ್ಕದ ಮೂಗನ್ನು ಕೇಳಬೇಕು. ಪಕ್ಕದವಳು ಕೇಳಿಯೇ ಹೋದಳು, ನಾನು ಉತ್ತರ ಕೊಟ್ಟು ಕಳಿಸಿದೆ. ಇನ್ನು ಉಳಿದಿರುವುದು ಒಂದೇ ಮೂಗು, ಬಾಗಿಲಲ್ಲಿ ನಿಂತೇ ಹಾಲಿನ ತಳ ಹಿಡಿದದ್ದನ್ನು ಹೇಳುವ ಮೂಗು. ಅದಕ್ಕೆ ಗೊತ್ತಾಗುತ್ತದೆ, ನಾಬ್ ತಿರುಗಿಸುವ ಬೆರಳು ಇಲ್ಲ. ನನ್ನ ಬೆರಳು ಗಟ್ಟಿಯಾಗಿವೆ. ಕಡ್ಡಿಯೊಂದನ್ನು ಹೊರಗೆ ತೆಗೆದೂ ಆಗಿದೆ.

ಇರುವೇ, ಎಲ್ಲಿಯವರೆಗೆ ಬಂದಿರಿ? ಅಲ್ಲಿಂದಲೇ ಒಂದು ಸಲ ಉಸಿರೆಳೆದು ಹೇಳು, ಗೀರಲೇ?